ಬೆನ್ನಿಗೆ ಮಣ್ಣು

ಗುಡ್ಡ ಹತ್ತಬೇಕಾದರೆ ಮೊದಲು ಅದನ್ನು ಕೆಡವಬೇಕು ಎಂದು ಅಂಬಾದಾಸ ಪೈಲ್ವಾನ ಮನಸಾರೆ ನಂಬಿದ್ದ. ನಗಬೇಡಿ. ಅವನೆದುರು ನಕ್ಕವರಿಗೆ ಏನಾಯಿತೆಂಬುದು ಉಪ್ಪಲ್ ಕಡೆಯ ಆ ಕ್ವಾರ್ಟರ್ಸಿನ ಮಂದಿಗೆಲ್ಲ ಗೊತ್ತು. ಇಂಡಿ ತಾಲೂಕಿನ ಕುಸ್ತಿ ಕಣದಿಂದೆದ್ದು, ಕ್ರೀಡಾಪಟು ಎಂಬ ಕೋಟಾದಲ್ಲಿ ರಕ್ಷಣಾ ಕಾರ್ಖಾನೆಯ ನೌಕರಿ ಹಿಡಿದು ಹೈದರಾಬಾದಿಗೆ ಬಂದವನು ಅವನು. ತಲೆಗೂದಲು ಹಣ್ಣಾದರೂ ಕೈ ಹಣ್ಣಾಗಿರಲಿಲ್ಲ. ಬೇರೆಯವರಿಗೆ ಸಿಟ್ಟು ಬಾಯಿಗೆ ಬಂದರೆ ಇವನಿಗೆ ನೇರ ಅಂಗೈಗೆ ಬರುತ್ತಿತ್ತು. ಕ್ವಾರ್ಟರ್ಸಿನ ಹಿಂದೆ ಬೇವಿನ ಮರದ ಕೆಳಗೆ ತಗಡು ಹೊದಿಸಿ ಒಂದು ಗರಡಿ ಕಟ್ಟಿಕೊಂಡಿದ್ದ. ಅಲ್ಲಿ ಅವನೇ ವಸ್ತಾದ, ಅಂದರೆ ಗುರು. ಕಾರ್ಖಾನೆಯವರ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದ ರಾಯಚೂರು ಕೊಪ್ಪಳದ ಹುಡುಗರು ದಿನಾ ಬೆಳಿಗ್ಗೆ ಬಂದು ಅವನ ಕೈಯಲ್ಲಿ ಬೈಸಿಕೊಂಡು, ಬೆತ್ತದ ರುಚಿ ನೋಡಿ, ಬೆವರು ಸುರಿಸಿ ಕೆಲಸಕ್ಕೆ ಹೋಗುತ್ತಿದ್ದರು.

ಗರಡಿಯ ನಡುವೆ ಕುಸ್ತಿಯ ಗುಂಡಿ. ಮಜ್ಜಿಗೆ, ನಿಂಬೆರಸ, ಅರಿಶಿನ, ಎಣ್ಣೆ ಹಾಕಿ ಹದಗೊಳಿಸಿದ ಕೆಂಪು ಮಣ್ಣು. ಗೋಡೆಯಲ್ಲಿ ಹನುಮಪ್ಪನ ಫೋಟೊ. ಆ ಗುಂಡಿಗೆ ಇದ್ದದ್ದು ಒಂದೇ ಕಾನೂನು. ಇಬ್ಬರಲ್ಲಿ ಒಬ್ಬನ ಬೆನ್ನಿಗೆ ಮಣ್ಣು ಹತ್ತುವ ತನಕ ಕುಸ್ತಿ ಮುಗಿಯುವುದಿಲ್ಲ. ಮೂಗಿನಿಂದ ರಕ್ತ ಬರಲಿ, ಎಲುಬು ಸರಿಯಲಿ, ಹಿಡಿದವನು ಬಿಡುವಂತಿಲ್ಲ, ಸಿಕ್ಕವನು ಸಾಕು ಎನ್ನುವಂತಿಲ್ಲ. ಸಾಕು ಅಂದವನಿಗೆ ಬೆತ್ತದ ಏಟು ಬಿದ್ದು ಅಂದಿಗೆ ಅವನ ಪಾಠ ಬಂದ್ ಆಗುತ್ತಿತ್ತು. ಅಂಬಾದಾಸ ಸ್ವತಃ ಈ ಕಾನೂನಿಗೆ ತನ್ನ ಎಡ ಮೊಣಕಾಲನ್ನು ಕೊಟ್ಟವನು. ಸೊಲ್ಲಾಪುರದ ಕಣದಲ್ಲಿ ಎದುರಾಳಿ ಕಾಲು ತಿರುವಿ ಹಿಡಿದಾಗ ಇವನು ತುಟಿ ಬಿಚ್ಚಲಿಲ್ಲ, ಕೀಲು ಕಳಚಿತು, ಅಲ್ಲಿಗೆ ಕುಸ್ತಿಯ ಬಾಳು ಮುಗಿಯಿತು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಆ ಕಾಲು ಕಟಕಟ ಅನ್ನುತ್ತದೆ. ಅದನ್ನೇ ಅವನು ಪದಕ ತೋರಿಸಿದ ಹಾಗೆ ಮಂದಿಗೆ ತೋರಿಸುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಅವಳು ಇನ್ನೂ ಎರಡು ಜಡೆ ಹಾಕುವ ವಯಸ್ಸಿನಲ್ಲೇ ಅವಳನ್ನು ಗುಂಡಿಗೆ ಇಳಿಸಿದ. ಹೆಣ್ಣು ಇಳಿದರೆ ಗುಂಡಿ ಮೈಲಿಗೆಯಾಗುತ್ತದೆ ಎಂದು ಅಮೃತಪ್ಪನೆಂಬ ಹಿರಿಯ ಪೈಲ್ವಾನ ಎಲ್ಲರೆದುರು ತಕರಾರು ತೆಗೆದಾಗ, ಅಂಬಾದಾಸ ಅವನ ಜೊತೆ ವಾದಕ್ಕೇ ಹೋಗಲಿಲ್ಲ. ಒಂದು ಬಿಟ್ಟ ನೋಡಿ, ಅಮೃತಪ್ಪನ ಮುಂದಿನ ಹಲ್ಲು ಮಣ್ಣಿಗೆ ಬಿತ್ತು. ಆಮೇಲೆ ಯಾರೂ ಚಕಾರ ಎತ್ತಲಿಲ್ಲ. ಮಗಳ ಮೇಲೆ ಅವನಿಗೆ ಅಷ್ಟು ಪ್ರೀತಿ. ಆ ಪ್ರೀತಿಯೂ ಅವನ ಕೈಯಿಂದಲೇ ಹೊರಗೆ ಬರಬೇಕಿತ್ತು, ಅದೇ ಆ ಮನೆಯ ಕರ್ಮ.

ಅದೇ ದಾನೇಶ್ವರಿ ಈಗ ತಾರ್ನಾಕದ ಒಂದು ಶಾಲೆಯಲ್ಲಿ ಆಟದ ಟೀಚರು. ಒಂದು ದಿನ ಊಟಕ್ಕೆ ಕೂತಾಗ, ತಾನು ಬೆಟ್ಟ ಹತ್ತುವವರ ಒಂದು ಕ್ಲಬ್ಬು ಸೇರಿದ್ದೇನೆಂದೂ ಮಳೆಗಾಲ ಹಿಡಿದ ಮೇಲೆ ಲಡಾಖಿಗೆ ಹೋಗುತ್ತೇನೆಂದೂ ಹೇಳಿದಳು. ವರ್ಷವಿಡೀ ಹಿಮ ಹೊತ್ತು ನಿಂತ ಶಿಖರವಂತೆ. ಅವಳಿಗೆ ಅದು ಮೊದಲ ಬೆಟ್ಟ. ಅವಳ ತಾಯಿ ಗಂಗಾ ತುತ್ತು ಕೈಯಲ್ಲೇ ಹಿಡಿದು ಗಂಡನ ಮುಖ ನೋಡಿದಳು. ಅಂಬಾದಾಸ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ, ಮೀಸೆಯ ಕೆಳಗೆ ನಕ್ಕ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ತನ್ನ ಮಗಳಿಗೆ ಎದುರಾಳಿಯಾಗುವಷ್ಟು ದೊಡ್ಡದು ಈ ಹೈದರಾಬಾದಿನಲ್ಲಿ ಏನೂ ಇಲ್ಲ, ಹಾಗಾಗಿ ಬೆಟ್ಟವನ್ನೇ ಹುಡುಕಿಕೊಂಡಿದ್ದಾಳೆ ಎಂದುಕೊಂಡ.

"ಆ ಕ್ಲಬ್ಬಿನವರು ಏನ ಕಲಸ್ತಾರ ಕಲೀ," ಅಂದ. "ಆದರ ನಿನ್ನ ತಯಾರ ಮಾಡಾಂವ ನಾನು."

ಅಲ್ಲಿಂದ ಶುರುವಾಯಿತು. ದಿನ ಬೆಳಗಾದರೆ ದಂಡ, ಬಸ್ಕಿ, ಸಂಗ್ರಾಣಿ ಕಲ್ಲು ಎತ್ತುವುದು. ಬಾದಾಮಿ ಅರೆದ ಹಾಲು, ತುಪ್ಪ ಸುರಿದ ಶಿರಾ. ಕುತ್ತಿಗೆ ದಪ್ಪ ಆಗಬೇಕು, ತೋಳು ಕಂಬ ಆಗಬೇಕು ಎಂದು ಅವನ ಲೆಕ್ಕ. ಶಾಲೆ ಬಿಟ್ಟ ಮೇಲೆ ಅವಳು ಗಚ್ಚಿಬೌಲಿಯಲ್ಲಿದ್ದ ಕ್ಲಬ್ಬಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಕಲಿಸುತ್ತಿದ್ದ ಗುಣವತಿ ಮೈಸೂರು ಕಡೆಯವಳು, ತೆಳ್ಳಗೆ, ಗಾಳಿ ಬಂದರೆ ಹಾರಿಹೋದಾಳು ಅನ್ನುವ ಹಾಗಿದ್ದಳು. ಅವಳು ಹೇಳುತ್ತಿದ್ದದ್ದು ಪೂರಾ ಉಲ್ಟಾ. ಮೈ ಹಗುರಾಗಬೇಕು, ಪಕ್ಕದವರ ಜೊತೆ ಮಾತಾಡುತ್ತಾ ಹತ್ತುವಷ್ಟು ನಿಧಾನಕ್ಕೆ ಹತ್ತಬೇಕು, ಇಳಿ ಅಂದಾಗ ಇಳಿಯಬೇಕು. ಶಿಖರ ಕೈಗೆ ಸಿಗುವಷ್ಟು ಹತ್ತಿರ ಇದ್ದಾಗಲೂ ಇಳಿಯುವುದು ಕಲಿತವರನ್ನು ಮಾತ್ರ ತಾನು ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಮೊದಲ ದಿನವೇ ಹೇಳಿದ್ದಳಂತೆ. ದಾನೇಶ್ವರಿ ಇದನ್ನು ಮನೆಯಲ್ಲಿ ಹೇಳಿದಾಗ ಅಂಬಾದಾಸ ಹೊಟ್ಟೆ ಹಿಡಿದು ನಕ್ಕ. ಓಡಿ ಬರುವುದನ್ನು ಕಲಿಸುವುದಕ್ಕೆ ಒಬ್ಬ ಮಾಸ್ತರು ಬೇರೆ ಬೇಕೇನು ಎಂದು ಕೇಳಿದ.

ಮಗಳು ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಅಪ್ಪನನ್ನು ಬಿಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ, ಬೆಟ್ಟವನ್ನಂತೂ ಬಿಡಲು ಸಾಧ್ಯವೇ ಇರಲಿಲ್ಲ.

ಎತ್ತರದಲ್ಲಿ ಉಸಿರಾಡಲು ಗಾಳಿ ಸಾಲುವುದಿಲ್ಲ ಎಂದು ಅವಳು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಅಂಬಾದಾಸನಿಗೆ ಅದು ಹೊಸ ವಿಷಯವೇನಲ್ಲ. ಎದುರಾಳಿ ಮುಖವನ್ನು ಎದೆಗೆ ಒತ್ತಿ ಹಿಡಿದಾಗ ಗಾಳಿ ಎಲ್ಲಿರುತ್ತದೆ? ಮರುದಿನ ಬೆಳಿಗ್ಗೆ ಒಂದು ಟವೆಲ್ಲು ನೀರಿಗೆ ಅದ್ದಿ ಅವಳ ಮೂಗು ಬಾಯಿ ಸೇರಿಸಿ ಹಿಂದೆ ಗಂಟು ಹಾಕಿದ, ಬಸ್ಕಿ ಹೊಡೆ ಅಂದ. ಅವಳು ಹೊಡೆದಳು. ಒದ್ದೆ ಬಟ್ಟೆ ಉಸಿರಿನ ಜೊತೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಕಣ್ಣು ಕೆಂಪಾದವು, ಹಣೆಯ ನರ ಉಬ್ಬಿತು. ಗಂಟಿಗೆ ಕೈ ಹಾಕಿದಳು. ಬೆತ್ತ ಸುಯ್ಯೆಂದು ಬೆರಳ ಮೇಲೆ ಬಿತ್ತು. ಇನ್ನೊಮ್ಮೆ ಕೈ ಎತ್ತಿದಳು, ಇನ್ನೊಮ್ಮೆ ಬಿತ್ತು. ಹುಲಗೇಶ ಎಂಬ ಶಿಷ್ಯ ತಡೆಯಲಾರದೆ ಗುಂಡಿಗೆ ಜಿಗಿದು ಗಂಟು ಬಿಚ್ಚಲು ಹೋದ, ಅವನ ಬೆನ್ನ ಮೇಲೂ ಬಾಸುಂಡೆ ಎದ್ದಿತು. ಕೊನೆಗೆ ಅವಳು ಮೊಣಕಾಲ ಮೇಲೆ ಕುಸಿದು ಅಡ್ಡ ಬಿದ್ದಾಗ ಅಂಬಾದಾಸ ತಾನೇ ಬಟ್ಟೆ ಕಿತ್ತು, ಮುಖಕ್ಕೆ ನೀರು ಹೊಡೆದು, ತೊಡೆಯ ಮೇಲೆ ತಲೆ ಇಟ್ಟುಕೊಂಡು ಬೆನ್ನು ಸವರಿದ. ನಿನ್ನೆಗಿಂತ ಇವತ್ತು ಹೆಚ್ಚು ಹೊತ್ತು ತಡೆದೆ ಎಂದು ಹೊಗಳಿದ. ಹಿಂದಿನ ದಿನ ಬಟ್ಟೆಯನ್ನೇ ಕಟ್ಟಿರಲಿಲ್ಲ ಎಂಬುದು ಅವನಿಗೆ ಹೊಳೆಯಲೂ ಇಲ್ಲ.

ಬಾತುಕೊಂಡ ಬೆರಳುಗಳಿಗೆ ಗಂಗಾ ಅರಿಶಿನ ಹಚ್ಚಿದಳು. ಗಂಡನ ಜೊತೆ ಎರಡು ದಿನ ಮಾತು ಬಿಟ್ಟಳು. ಅವನು ಅದನ್ನು ಗಮನಿಸಿದನೋ ಇಲ್ಲವೋ, ದೇವರೇ ಬಲ್ಲ.

ಬೇಸಿಗೆಯ ಕೊನೆಗೆ ಒಂದು ಭಾನುವಾರ ಗುಣವತಿ ತನ್ನ ತಂಡವನ್ನು ಊರಾಚೆಯ ಒಂದು ದೊಡ್ಡ ಬಂಡೆಗೆ ಕರೆದುಕೊಂಡು ಹೋದಳು. ಲಡಾಖಿಗೆ ಯಾರು, ಯಾರಿಲ್ಲ ಎಂಬುದು ಅಲ್ಲೇ ತೀರ್ಮಾನವಾಗಬೇಕಿತ್ತು. ಮಗಳ ಆಟ ನೋಡಬೇಕೆಂದು ಅಂಬಾದಾಸನೂ ಅವಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೋದ. ಹೋಗಬಾರದಿತ್ತು.

ಬಂಡೆ ನೆಟ್ಟಗೆ ನಿಂತಿತ್ತು. ದಾನೇಶ್ವರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುವುದನ್ನು ಅವನು ಬಾಯಿ ತೆರೆದು ನೋಡಿದ. ಕಲ್ಲಿನ ಬಿರುಕಿಗೆ ಬೆರಳ ತುದಿ ಹಾಕಿ ಮೈ ಪೂರಾ ಎತ್ತಿಕೊಳ್ಳುತ್ತಿದ್ದಳು. ಆ ಬೆರಳುಗಳಿಗೆ ಈ ಬಲ ಯಾವಾಗ ಬಂತೋ ಅವನಿಗೆ ತಿಳಿಯಲಿಲ್ಲ. ಎದೆ ಉಬ್ಬಿತು. ಪಕ್ಕದಲ್ಲಿ ನಿಂತ ಗುರುತಿಲ್ಲದ ತೆಲುಗಿನವನಿಗೆ ಅವಳು ನನ್ನ ಮಗಳು ಎಂದು ಹಿಂದಿಯಲ್ಲಿ ಹೇಳಿ ಭುಜ ತಟ್ಟಿದ.

ಅವಳು ಬಂಡೆಯ ನೆತ್ತಿಗೆ ಇನ್ನೇನು ಕೈ ಹಾಕಬೇಕು, ಪಶ್ಚಿಮದಲ್ಲಿ ಮೋಡ ಕಪ್ಪಾಯಿತು, ಎಲ್ಲೋ ದೂರ ಗುಡುಗಿತು. ಗುಣವತಿ ಸೀಟಿ ಊದಿ ಎಲ್ಲರೂ ಇಳಿಯಿರಿ ಅಂದಳು. ಪಕ್ಕದ ಹಗ್ಗದಲ್ಲಿದ್ದವರು ಇಳಿಯತೊಡಗಿದರು. ದಾನೇಶ್ವರಿ ಮೇಲೆ ನೋಡಿದಳು.

"ಹತ್ತ, ಯವ್ವಾ," ಎಂದು ಅಂಬಾದಾಸ ಕೆಳಗಿನಿಂದ ಗುಡುಗಿದ. "ತಿರುಗಿ ನೋಡಬ್ಯಾಡ. ಹತ್ತ."

ಅವಳು ಇನ್ನೊಂದು ಹಿಡಿತ ಮೇಲೆ ಹೋದಳು. ನಿಂತಳು. ಮೋಡದ ಕಡೆ ನೋಡಿದಳು, ಕೆಳಗೆ ಗುಣವತಿಯ ಕಡೆ ನೋಡಿದಳು, ಆಮೇಲೆ ಹಗ್ಗಕ್ಕೆ ಮೈ ಬಿಟ್ಟು ಇಳಿಯತೊಡಗಿದಳು. ಅಪ್ಪನ ಕಡೆ ನೋಡಲಿಲ್ಲ. ಮಳೆ ಬಂದಿದ್ದರೆ, ಒಂದು ಸಿಡಿಲಾದರೂ ಬಿದ್ದಿದ್ದರೆ, ಈ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಆ ಹಾಳು ಮೋಡ ನಾಲ್ಕು ಹನಿಯನ್ನೂ ಉದುರಿಸದೆ ಪಕ್ಕಕ್ಕೆ ಸರಿದುಹೋಯಿತು. ದಾನೇಶ್ವರಿಯ ಕಾಲು ನೆಲ ಮುಟ್ಟುವ ಹೊತ್ತಿಗೆ ಬಂಡೆಯ ಮೇಲೆ ಬಿಸಿಲು ಬಿದ್ದಿತ್ತು.

ಅವಳು ಸೊಂಟದ ಹಗ್ಗ ಬಿಚ್ಚುವ ಮೊದಲೇ ಅವಳ ಕೆನ್ನೆಗೆ ಏಟು ಬಿತ್ತು. ಆ ಸಪ್ಪಳಕ್ಕೆ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಗುಣವತಿ ಓಡಿ ಬಂದು ನಡುವೆ ನಿಂತಳು. ಇದು ನಿಮ್ಮ ಗರಡಿಯಲ್ಲ, ಅವಳು ಮಾಡಿದ್ದೇ ಸರಿ, ಇಳಿದದ್ದಕ್ಕೇ ಅವಳು ನನ್ನ ತಂಡಕ್ಕೆ ಸೇರಿದಳು ಎಂದು ಹೇಳುತ್ತಿದ್ದಳು. ಅಂಬಾದಾಸ ಆ ತೆಳ್ಳನೆಯ ಹೆಂಗಸನ್ನು ಬಾಗಿಲ ಪರದೆ ಸರಿಸಿದ ಹಾಗೆ ಸರಿಸಿದ. ಅವಳು ಕಲ್ಲಿನ ಮೇಲೆ ಬಿದ್ದು ಮೊಣಕೈ ತರಚಿ ರಕ್ತ ಬಂತು. ತಂಡದ ಒಬ್ಬ ಗಂಡಸು ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ಪಾಪ, ಯಾರನ್ನು ಹಿಡಿದೆನೆಂದು ಅವನಿಗೇನು ಗೊತ್ತು. ಮರುಕ್ಷಣ ಅವನು ಅಂಬಾದಾಸನ ಸೊಂಟದ ಮೇಲಿಂದ ಹಾರಿ ಜಾಲಿ ಗಿಡದಲ್ಲಿ ಬಿದ್ದಿದ್ದ. ಆಗ ದಾನೇಶ್ವರಿ ಮುಂದೆ ಬಂದು ಅಪ್ಪನ ಎದೆಗೆ ಎರಡೂ ಕೈ ಇಟ್ಟು ದೂಡಿದಳು. ಅವನು ಎರಡು ಹೆಜ್ಜೆ ಹಿಂದೆ ಹೋದ. ಗರಡಿಯ ಹೊರಗೆ ಮಗಳು ಅವನ ಮೈಮೇಲೆ ಕೈ ಮಾಡಿದ್ದು ಅದೇ ಮೊದಲು.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಅವಳು ಅವನನ್ನು ಹಿಡಿದುಕೊಳ್ಳದೆ ಕೂತಿದ್ದಳು. ಅವನು ದಾರಿಯುದ್ದಕ್ಕೂ ಬೈಯುತ್ತಾ ಬಂದ. ಎಲ್ಲರೆದುರು ಬೆನ್ನು ತೋರಿಸಿದೆ, ಒಂದು ಸಲ ಬೆನ್ನು ತೋರಿಸಿದವರು ಜನ್ಮಪೂರ್ತಿ ತೋರಿಸುತ್ತಾರೆ, ಅಲ್ಲಿ ಹಿಮದಲ್ಲೂ ಇದನ್ನೇ ಮಾಡಿ ನನ್ನ ಮುಖಕ್ಕೆ ಮಸಿ ಬಳಿಯುತ್ತೀ.

ಮನೆಗೆ ಬಂದವನೇ ಅವಳ ಕೋಣೆಗೆ ನುಗ್ಗಿ ಲಡಾಖಿಗೆಂದು ತಂದಿಟ್ಟ ದೊಡ್ಡ ಬ್ಯಾಗನ್ನು ಎಳೆದು ಹೊರಗೆ ಹಾಕಿದ. ಅಡುಗೆಮನೆಯಿಂದ ಈಳಿಗೆ ತಂದು ಅದರ ಹೆಗಲ ಪಟ್ಟಿಗಳನ್ನು ಕರಕರ ಕೊಯ್ದ. ಗಂಗಾ ಅವನ ಮಣಿಕಟ್ಟು ಹಿಡಿದಳು. ಅವನು ಕೈ ಝಾಡಿಸಿದ ರಭಸಕ್ಕೆ ಅವಳ ತಲೆ ಕಪಾಟಿನ ಬಾಗಿಲಿಗೆ ಬಡಿಯಿತು. ಅವಳು ಹಣೆ ಒತ್ತಿಕೊಂಡು ಅಲ್ಲೇ ಕೂತಳು. ಅಳಲಿಲ್ಲ. ಇಷ್ಟು ವರ್ಷ ನುಂಗಿದ್ದು ಆ ದಿನ ಬಾಯಿಗೆ ಬಂತು.

"ಸೊಲ್ಲಾಪುರದಾಗ ಅವತ್ತ ಒಂದ ಸರ್ತಿ ಸಾಕು ಅಂದಿದ್ರ ನಿಮ್ಮ ಕಾಲ ಉಳೀತಿತ್ತರಿ," ಅಂದಳು. "ಅನಲಿಲ್ಲ. ಮುರಕೊಂಡು ಬಂದ್ರಿ. ಈಗ ಮಗಳೂ ಮುರಕೊಂಡು ಬರಬೇಕೇನು ನಿಮಗ?"

ಅಂಬಾದಾಸ ಈಳಿಗೆಯನ್ನು ನೆಲಕ್ಕೆ ಎಸೆದ. ತಿರುಗಿ ನೋಡಿದರೆ ದಾನೇಶ್ವರಿ ನೆಲದ ಮೇಲೆ ಕೂತು, ದಬ್ಬಣಕ್ಕೆ ದಪ್ಪ ದಾರ ಪೋಣಿಸಿ, ಕೊಯ್ದ ಪಟ್ಟಿಯನ್ನು ಮತ್ತೆ ಬ್ಯಾಗಿಗೆ ಹೊಲಿಯುತ್ತಿದ್ದಳು. ಕೆನ್ನೆಯ ಮೇಲೆ ಅವನ ಬೆರಳು ಇನ್ನೂ ಮೂಡಿಕೊಂಡಿದ್ದವು. ಆ ಶಾಂತಿ ನೋಡಿ ಅವನ ತಲೆ ಕೆಟ್ಟುಹೋಯಿತು.

"ನಾಳೆ ಮುಂಜಾನೆ ಗುಂಡಿಗಿ ಬಾ," ಅಂದ. "ನನ್ನ ಬೆನ್ನಿಗಿ ಮಣ್ಣ ಹಚ್ಚು. ಹಚ್ಚಿದಿ ಅಂದ್ರ ಎಲ್ಲಿಗಿ ಬೇಕಾದ್ರೂ ಹೋಗು, ನಾ ತಡಿಯಾಂಗಿಲ್ಲ. ನಿನ್ನ ಬೆನ್ನಿಗಿ ಹತ್ತಿದರ ಈ ಬ್ಯಾಗ ಒಲಿಗಿ ಹಾಕತೀನಿ."

ಅವಳು ದಾರವನ್ನು ಹಲ್ಲಿನಿಂದ ಕಡಿದು, ಆಗಲಿ ಅಂದಳು. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಅವನು ಅಂದುಕೊಂಡಿದ್ದ.

ಬೆಳಿಗ್ಗೆ ಶಿಷ್ಯರೆಲ್ಲ ಗುಂಡಿಯ ಸುತ್ತ ನಿಂತಿದ್ದರು. ಯಾರ ಬೆನ್ನು ಮಣ್ಣಿಗೆ ಹತ್ತಿತೆಂದು ಕೂಗಿ ಹೇಳುವ ಕೆಲಸ ಹುಲಗೇಶನಿಗೆ ಬಂತು, ಬೇಡವೆಂದರೂ ಕೇಳುವವರು ಯಾರು. ಗಂಗಾ ಯಾವತ್ತೂ ಗರಡಿಯ ಹೊಸಿಲು ತುಳಿದವಳಲ್ಲ, ಆ ದಿನ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ದಾನೇಶ್ವರಿ ಗುಂಡಿಗೆ ಇಳಿದು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಳು. ಪದ್ಧತಿಯಂತೆ ವಸ್ತಾದನ ಕಾಲಿಗೆ ಬಾಗಿದಳು. ಅಂಬಾದಾಸನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು, ಗೆದ್ದು ಬಾ ಎಂದು ಬಾಯಿ ತಾನಾಗಿ ಹರಸಿತು. ಪ್ರತಿ ಶಿಷ್ಯನಿಗೂ ಹರಸುತ್ತಿದ್ದ ಮಾತು ಅದು.

ಆಮೇಲೆ ತೊಡೆ ತಟ್ಟಿ ನುಗ್ಗಿದ.

ಮೊದಲು ಕುತ್ತಿಗೆಗೆ ಹೊಡೆದ, ಅಂಗೈ ಪೂರಾ ಬಿಟ್ಟು. ಅವಳು ತೂರಾಡಿದಳು. ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದ. ಅವಳು ಗಾಳಿಯಲ್ಲೇ ಮೈ ತಿರುಗಿಸಿ ಬೋರಲು ಬಿದ್ದಳು. ಮೂಗು ನೆಲಕ್ಕೆ ಜಜ್ಜಿ ರಕ್ತ ಸುರಿಯಿತು. ಬೆನ್ನು ಮಾತ್ರ ಮುಟ್ಟಲಿಲ್ಲ. ಎದ್ದಳು. ಮತ್ತೆ ಒಗೆದ. ಮತ್ತೆ ಬೋರಲು. ಅವನು ಅವಳ ಮೇಲೆ ಕೂತು, ತಲೆ ಮಣ್ಣಿಗೆ ಒತ್ತಿ, ಅಂಗಾತ ಮಾಡಲು ಹೆಗಲಿಗೆ ಮೊಣಕೈ ಇರಿದ. ಮಣ್ಣು ಅವಳ ಬಾಯೊಳಗೆ ಹೋಯಿತು, ಕೆಮ್ಮಿದಳು, ಕೆಮ್ಮುತ್ತಲೇ ಮೊಣಕಾಲು ಒಟ್ಟುಗೂಡಿಸಿ ಹಾವಿನಂತೆ ಜಾರಿ ಹೊರಬಂದಳು. ಅವನಿಗೆ ಆಗಲೇ ಏದುಸಿರು ಹತ್ತಿತ್ತು. ಅವಳು ಬಾಯಿ ಮುಚ್ಚಿ, ರಕ್ತದ ಮೂಗಿನಲ್ಲೇ ನಿಧಾನಕ್ಕೆ ಉಸಿರಾಡುತ್ತಿದ್ದಳು. ಅವಸರವೇ ಇಲ್ಲ. ಅದನ್ನು ಯಾರು ಕಲಿಸಿದ್ದೆಂದು ಅವನಿಗೆ ಗೊತ್ತಿತ್ತು.

ಮೂರನೆಯ ಸಲ ಅವನು ನುಗ್ಗಿದಾಗ ಅವಳು ಪಕ್ಕಕ್ಕೆ ಸರಿದು ಅವನ ಬಲ ಮಣಿಕಟ್ಟು ಹಿಡಿದಳು. ಎಣ್ಣೆ ಹಚ್ಚಿದ ಮೈ, ಯಾರ ಹಿಡಿತಕ್ಕೂ ನಿಲ್ಲದ ಕೈ. ಅವನು ಎಳೆದ. ಬರಲಿಲ್ಲ. ಬಂಡೆಯ ಬಿರುಕಿನಲ್ಲಿ ಮೈಯ ಭಾರ ಹೊತ್ತು ಪಳಗಿದ ಬೆರಳು ಅವು, ಎಲುಬಿನ ತನಕ ಇಳಿದಿದ್ದವು. ಅವನು ಎಡಗೈಯಿಂದ ಅವಳ ಮುಖಕ್ಕೆ ಗುದ್ದಿದ. ಕುಸ್ತಿಯಲ್ಲಿ ಗುದ್ದುವಂತಿಲ್ಲ. ಶಿಷ್ಯರಿಗೆ ಅವನೇ ಹೇಳಿಕೊಟ್ಟ ಮೊದಲ ಪಾಠ. ಶಿಷ್ಯರ ನಡುವಿನಿಂದ ಯಾರೋ ಅಯ್ಯೋ ಅಂದರು. ಅವಳ ತುಟಿ ಸೀಳಿತು, ಹಿಡಿತ ಬಿಡಲಿಲ್ಲ. ಕೈಯನ್ನು ಅವನ ಬೆನ್ನ ಹಿಂದಕ್ಕೆ ತಿರುವಿ, ಅವನ ಕೆಟ್ಟ ಮೊಣಕಾಲಿನ ಹಿಂದೆ ತನ್ನ ಪಾದ ಇಟ್ಟು ಒತ್ತಿದಳು. ಅಂಬಾದಾಸ ಮುಖ ಕೆಳಗಾಗಿ ಮಣ್ಣಿಗೆ ಬಿದ್ದ.

ಅವನ ಬೆನ್ನ ಮೇಲೆ ಅವಳ ಮೊಣಕಾಲು. ಅವನ ಬಲಗೈ ಅವಳ ಎರಡೂ ಕೈಯಲ್ಲಿ, ತಲೆಯ ಕಡೆಗೆ ಮಡಚಿಕೊಂಡು. ಇನ್ನು ಎರಡೇ ದಾರಿ. ಕೈಯ ಹಿಂದೆ ಮೈ ಹೊರಳಬೇಕು, ಬೆನ್ನು ಮಣ್ಣಿಗೆ ಬೀಳಬೇಕು. ಇಲ್ಲವಾದರೆ ಕೈ ಮುರಿಯಬೇಕು. ಗರಡಿಯಲ್ಲಿ ನಿಂತ ಪ್ರತಿಯೊಬ್ಬನಿಗೂ ಇದು ಗೊತ್ತಿತ್ತು, ಎಲ್ಲರಿಗೂ ಕಲಿಸಿದವನು ಅವನೇ.

"ಹೊರಳು, ಅಪ್ಪಾ," ಅಂದಳು ದಾನೇಶ್ವರಿ. ಅವಳ ರಕ್ತ ಅವನ ಕುತ್ತಿಗೆಯ ಮೇಲೆ ಹನಿಯುತ್ತಿತ್ತು.

ಅವನು ಹೊರಳಲಿಲ್ಲ. ಮಣ್ಣಿಗೆ ಎದೆ ಒತ್ತಿ ಹಲ್ಲು ಕಚ್ಚಿದ. ಅವಳು ಕೈಯನ್ನು ಇನ್ನಷ್ಟು ಮೇಲಕ್ಕೆ ಒಯ್ದಳು. ಭುಜದೊಳಗೆ ಏನೋ ಕಿರ್ರೆಂದಿತು. ಕಣ್ಣೆದುರು ಕತ್ತಲೆ ಬಂತು. ಬಾಗಿಲಲ್ಲಿ ಗಂಗಾ ಕೈ ಮುಗಿದು, ಹೊರಳರಿ, ನಿಮ್ಮ ಕಾಲ ಬೀಳತೀನಿ ಎಂದು ಬೇಡುವುದು ಎಲ್ಲೋ ದೂರದಿಂದ ಕೇಳಿಸಿತು.

"ಮುರಿ," ಅಂದ ಅಂಬಾದಾಸ.

ಅವನು ಕಾದ. ಎಲುಬು ಮುರಿಯುವ ಸಪ್ಪಳಕ್ಕೆ, ಹುಚ್ಚನ ಹಾಗೆ, ಹೆಮ್ಮೆಯಿಂದ ಕಾದ. ನನ್ನ ಮಗಳು ಮುರಿಯುತ್ತಾಳೆ, ನನ್ನ ರಕ್ತ ಅದು, ಬಿಡುವುದಿಲ್ಲ ಎಂದುಕೊಂಡ. ಮುರಿದ ಮೇಲೆ ಅವಳು ಯಾವ ಹಿಮದಲ್ಲೂ ಬೆನ್ನು ತೋರಿಸಲಾರಳು ಎಂದುಕೊಂಡ.

ಆದರೆ ಅವಳ ಹಿಡಿತ ಸಡಿಲವಾಯಿತು. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಬೆನ್ನ ಮೇಲಿನ ಭಾರ ಇಳಿಯಿತು. ಅವಳು ಎದ್ದು ನಿಂತಳು.

"ಇಲ್ಲಿಗೆ ಸಾಕು," ಅಂದಳು. "ನಿನ್ನ ಕೈ ಮುರದು ಸಿಗೂ ಗುಡ್ಡ ನನಗ ಬ್ಯಾಡ. ಅಲ್ಲಿಂದನೂ ಹಿಂಗ ಇಳದ ಬರ್ತೀನಿ, ಅಪ್ಪಾ. ಜೀವಂತ ಬರ್ತೀನಿ."

ಅಷ್ಟು ಹೇಳಿ ತಿರುಗಿ ಗುಂಡಿಯ ಅಂಚಿನ ಕಡೆ ಹೆಜ್ಜೆ ಇಟ್ಟಳು.

ಅಂಬಾದಾಸನಿಗೆ ಆ ಮಾತು ಕೇಳಿಸಿತು. ಪ್ರತಿ ಅಕ್ಷರವೂ ಕೇಳಿಸಿತು, ಅದನ್ನು ಅವನು ಆಮೇಲೆ ಯಾರಿಗೂ ಇಲ್ಲವೆನ್ನಲಿಲ್ಲ. ಆದರೆ ಮಾತು ಎದೆಗೆ ಇಳಿಯುವ ಮೊದಲೇ ಅವನ ಮೈ ಎದ್ದಾಗಿತ್ತು. ಹುಟ್ಟಿದಾಗಿನಿಂದ ಆ ಮೈಗೆ ಗೊತ್ತಿದ್ದದ್ದು ಒಂದೇ, ಹಿಡಿತ ಸಡಿಲವಾದರೆ ನುಗ್ಗಬೇಕು. ಹೇಗೆ ಎದ್ದನೋ, ಯಾವಾಗ ಅವಳ ಸೊಂಟಕ್ಕೆ ಕೈ ಹಾಕಿದನೋ ಅವನಿಗೇ ತಿಳಿಯದು. ಅವಳು ಸಿದ್ಧಳಿರಲಿಲ್ಲ. ಮೈ ತಿರುಗಿಸಲೂ ಇಲ್ಲ. ತಲೆಯ ಮಟ್ಟಕ್ಕೆ ಎತ್ತಿ ಒಗೆದ ರಭಸಕ್ಕೆ ಅವಳ ಬಲಭುಜ ಮೊದಲು ಬಿತ್ತು, ಒಣ ಕಟ್ಟಿಗೆ ಮುರಿದಂಥ ಸಪ್ಪಳ ಬಂತು, ಆಮೇಲೆ ಬೆನ್ನು ಪೂರಾ ಮಣ್ಣಿಗೆ ಹತ್ತಿತು.

"ಚಿತ್," ಅಂದ ಹುಲಗೇಶ. ಅಭ್ಯಾಸಬಲದಿಂದ ಬಾಯಿಂದ ಬಿದ್ದ ಮಾತು. ಅಂದವನೇ ಬಾಯಿ ಮುಚ್ಚಿಕೊಂಡು ಅಳತೊಡಗಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂಬಾದಾಸ ಎರಡೂ ಕೈ ಅಗಲಿಸಿ ನಿಂತೇ ಇದ್ದ, ಇನ್ನೊಂದು ಸಲ ಎತ್ತುವವನ ಹಾಗೆ. ಕೆಳಗೆ ಮಗಳು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದಳು. ಕುತ್ತಿಗೆಯ ಬುಡದಲ್ಲಿ ಮುರಿದ ಎಲುಬು ಚರ್ಮದ ಕೆಳಗೆ ಎದ್ದು ಕಾಣುತ್ತಿತ್ತು. ಆಗ ಅವನು ಯವ್ವಾ ಎಂದು ಮೊಣಕಾಲೂರಿ ಅವಳ ಮುಖಕ್ಕೆ ಕೈ ಚಾಚಿದ. ಅವಳು ಆ ಕೈ ನೋಡಿ ಹಿಂದೆ ಸರಿದಳು. ಮುರಿದ ಎಲುಬಿನ ಆ ನೋವಿನಲ್ಲೂ, ಕಾಲಿನಿಂದ ಮಣ್ಣು ಒದ್ದು ಹಿಂದೆ ಸರಿದಳು. ಬೆತ್ತದ ಏಟು ತಿಂದಾಗಲೂ ಅವಳು ಅವನಿಗೆ ಹೆದರಿದ್ದನ್ನು ಅವನು ನೋಡಿರಲಿಲ್ಲ.

ಗಂಗಾ ಗಂಡನನ್ನು ಪಕ್ಕಕ್ಕೆ ನೂಕಿ ಮಗಳನ್ನು ತಬ್ಬಿಕೊಂಡಳು. ಹುಲಗೇಶ ಆಟೋ ತಂದ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ತುಟಿಗೆ ಹೊಲಿಗೆ ಹಾಕಿದರು. ವಯಸ್ಸಾದ ಡಾಕ್ಟರು ಗುಲ್ಬರ್ಗಾದಲ್ಲಿ ಓದಿದವರು, ಇವರ ಮಾತು ಕೇಳಿ ಕನ್ನಡದಲ್ಲೇ ವಿಚಾರಿಸಿದರು. ಮುಖ, ಮೂಗು, ಭುಜ, ಇಷ್ಟೊಂದು ಪೆಟ್ಟು ಹೇಗಾಯಿತು ಎಂದು ಕೇಳಿದಾಗ ಗಂಗಾ ನೆಲ ನೋಡುತ್ತಾ, ಬಚ್ಚಲದಾಗ ಕಾಲ ಜಾರಿ ಬಿದ್ದಳರಿ ಅಂದಳು. ತನ್ನ ಮೈಮೇಲಿನ ಪೆಟ್ಟುಗಳಿಗೂ ಎಷ್ಟೋ ವರ್ಷಗಳಿಂದ ಅವಳು ಹೇಳುತ್ತಾ ಬಂದ ಮಾತು ಅದೇ. ಡಾಕ್ಟರು ನಂಬಲಿಲ್ಲ, ಆದರೆ ಬರೆದುಕೊಳ್ಳಲು ತಲೆ ಬಗ್ಗಿಸಿದರು.

"ಬಚ್ಚಲದಾಗ ಅಲ್ಲರಿ," ಅಂದ ಅಂಬಾದಾಸ ಬಾಗಿಲ ಹತ್ತಿರದಿಂದ.

ಎಲ್ಲರೂ ತಿರುಗಿ ನೋಡಿದರು. ಅವನ ಮೈಮೇಲೆ ಗುಂಡಿಯ ಮಣ್ಣು ಹಾಗೇ ಇತ್ತು, ಅದರ ಮೇಲೆ ಹೇಗೋ ಒಂದು ಅಂಗಿ ಸಿಕ್ಕಿಸಿಕೊಂಡು ಬಂದಿದ್ದ.

"ಆಕಿ ಗೆದ್ದಿದ್ಲರಿ, ಸಾಹೇಬ್ರ. ನನ್ನ ಕೈ ಆಕಿ ಕೈಯಾಗಿತ್ತು. ಮುರೀಲಿಲ್ಲ, ಬಿಟ್ಟಳು. ಆಕಿ ಬಿಟ್ಟ ಮ್ಯಾಲ ನಾ ಮುರದೀನಿ. ಹಂಗಂತನ ಬರೀರಿ."

ಹುಲಗೇಶ ಗೋಡೆಯ ಕಡೆ ತಿರುಗಿದ. ಗಂಗಾ ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಅಂಬಾದಾಸನ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮಣ್ಣನ್ನು ತೋಯಿಸಿತು. ಅವನು ಒರೆಸಿಕೊಳ್ಳಲೂ ಇಲ್ಲ. ಡಾಕ್ಟರು ಬರೆದುಕೊಂಡರು. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಅಂದರು. ತಿಳಿಸರಿ ಅಂದ.

ಹಾಸಿಗೆಯ ಮೇಲೆ ದಾನೇಶ್ವರಿ ಇದೆಲ್ಲ ಕೇಳಿಸಿಕೊಂಡಳು. ಕಣ್ಣು ಚಾವಣಿಯ ಮೇಲೆ ಇಟ್ಟೇ ಡಾಕ್ಟರನ್ನು ಕೇಳಿದಳು, ಹೊಲಿಗೆ ಹಾಕಿದ ತುಟಿಯಿಂದ ತೊದಲುತ್ತಾ, ಈ ಹೆಗಲ ಮೇಲೆ ಮತ್ತೆ ಯಾವಾಗ ಭಾರ ಹೊರಬಹುದೆಂದು. ಈ ವರ್ಷ ಆಸೆ ಬಿಡಮ್ಮ ಅಂದರು ಅವರು. ಎಲುಬು ಕೂಡಬೇಕು, ಆಮೇಲೆ ಮೊದಲಿನಿಂದ ಶುರು ಮಾಡಬೇಕು. ಅವಳು ತಲೆಯಾಡಿಸಿದಳು. ಗುಣವತಿ ಮೇಡಂಗೆ ಫೋನ್ ಹಚ್ಚಲು ಅಮ್ಮನಿಗೆ ಹೇಳಿದಳು.

ಅಂಬಾದಾಸ ಹತ್ತಿರ ಬಂದ. ಮಂಚದ ಕಂಬಿ ಹಿಡಿದು ನಿಂತ.

"ಮುಂದಿನ ವರ್ಷ ಹೋಗು, ಯವ್ವಾ," ಅಂದ. "ನಾನ ನಿನ್ನ ಕಳಸ್ತೀನಿ."

"ನೀ ಕಳಸೂದೇನ ಬ್ಯಾಡ," ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಹೋಗತೀನಿ."

ಅಷ್ಟು ಮಾತಿಗೇ ಅವಳ ತುಟಿ ಒಣಗಿತು, ನೀರು ಅಂದಳು. ಅಂಬಾದಾಸ ಲಗುಬಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಬಲಗೈಯಲ್ಲಿ ಮುಂದೆ ಹಿಡಿದ. ಅವಳು ಆ ಕೈ ನೋಡಿ ಮುಖ ಆಚೆ ತಿರುಗಿಸಿದಳು. ಅವನು ಹಿಡಿದೇ ಇದ್ದ. ಸ್ವಲ್ಪ ಹೊತ್ತು ನೋಡಿ ಗಂಗಾ ಅವನ ಕೈಯಿಂದ ಲೋಟ ತೆಗೆದುಕೊಂಡು ಮಗಳಿಗೆ ಕುಡಿಸಿದಳು.